ಲಬ್ ಯಾವುದು, ಡಬ್ ಯಾವುದು: ಎದೆಯ ಸಪ್ಪಳ ಕೇಳಿ ತಿಳಿಯುವ ಸಮಗ್ರ ಮಾರ್ಗದರ್ಶಿ

ಸ್ಟೆಥೊಸ್ಕೋಪ್ ಎದೆಗಿಟ್ಟ ಕೂಡಲೇ ಹೊಸಬರ ಕಿವಿ ಮರ್ಮರ್, ಅಂದರೆ ರಕ್ತ ಸುಳಿದು ಹರಿಯುವ ಹೆಚ್ಚಿನ ಸಪ್ಪಳ, ಹುಡುಕಲು ಹೊರಡುತ್ತದೆ. ಅರ್ಧ ನಿಮಿಷ ಹುಡುಕುತ್ತಾರೆ, ಏನೂ ಸಿಗದಿದ್ದರೆ 'ನಾರ್ಮಲ್' ಅಂತ ಬರೆದು ಮುಂದಿನ ಬೆಡ್‌ಗೆ ಹೋಗಿಬಿಡುತ್ತಾರೆ. ನಾನು ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ. ಮರ್ಮರ್ ವಿಷಯ ಸದ್ಯಕ್ಕೆ ಮರೆತುಬಿಡಿ. ಮೊದಲು ಹೃದಯ ಬಡಿತದ ಎರಡು ಸಪ್ಪಳಗಳಲ್ಲಿ ಲಬ್ ಯಾವುದು, ಡಬ್ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಅದು ಗಟ್ಟಿಯಾದರೆ ಉಳಿದದ್ದೆಲ್ಲ ಅದರ ಸುತ್ತ ಜಾಗ ಹಿಡಿಯುತ್ತದೆ. ಅದೇ ತಪ್ಪಿದರೆ ಎಷ್ಟು ಚುರುಕು ಕಿವಿ ಇದ್ದರೂ ಉಪಯೋಗವಿಲ್ಲ.

ನಮ್ಮ ಭಾಗದಲ್ಲಿ ಈಗ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ನಾಲ್ಕೂ ಕಡೆ ವೈದ್ಯಕೀಯ ಕಾಲೇಜುಗಳಿವೆ. ವಾರ್ಡಿಗೆ ಹೊಸದಾಗಿ ಕಾಲಿಟ್ಟ ಎಂಬಿಬಿಎಸ್ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ಹಳ್ಳಿ ಉಪಕೇಂದ್ರದಲ್ಲಿ ಒಬ್ಬರೇ ಕೂತು ರೋಗಿ ನೋಡುವ ಸಮುದಾಯ ಆರೋಗ್ಯ ಅಧಿಕಾರಿಗಳು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. 'ನಿಮ್ಮ ಮಗುವಿಗೆ ಮರ್ಮರ್ ಇದೆ' ಅಂತ ಕೇಳಿ ಗಾಬರಿಯಾದ ತಂದೆ-ತಾಯಿಯೂ ಓದಬಹುದು, ಅವರಿಗೆ ಬೇಕಾದದ್ದೂ ಇದರಲ್ಲಿದೆ.

ಎಕೋ (ಹೃದಯದ ಸ್ಕ್ಯಾನ್) ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಎಕೋ ಮಷಿನ್ ಇರುವುದು ಪಟ್ಟಣದಲ್ಲಿ. ನವಲಗುಂದದ ಆಚೆ ಹಳ್ಳಿಯ ಹುಡುಗಿಯನ್ನು ಆ ಮಷಿನ್ ತನಕ ಕಳಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಒಂದು ಸ್ಟೆತ್ ಮತ್ತು ಎರಡು ಕಿವಿ.

ಸಪ್ಪಳ ಎಲ್ಲಿಂದ ಬರುತ್ತದೆ

ಹೃದಯಕ್ಕೆ ನಾಲ್ಕು ಕೋಣೆ, ನಾಲ್ಕು ವಾಲ್ವ್. ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ರಕ್ತ ಇಳಿಯುವ ದಾರಿಯಲ್ಲಿ ಎಡಕ್ಕೆ ಮೈಟ್ರಲ್, ಬಲಕ್ಕೆ ಟ್ರೈಕಸ್ಪಿಡ್. ಕೆಳಗಿನ ಕೋಣೆಗಳಿಂದ ರಕ್ತ ಹೊರಗೆ ಹೋಗುವ ದಾರಿಯಲ್ಲಿ ಅಯೋರ್ಟಿಕ್ ಮತ್ತು ಪಲ್ಮನರಿ. ಕೆಳಗಿನ ಕೋಣೆಗಳು ಹಿಂಡಲು ಶುರು ಮಾಡಿದಾಗ ಮೈಟ್ರಲ್, ಟ್ರೈಕಸ್ಪಿಡ್ ಮುಚ್ಚಿಕೊಳ್ಳುತ್ತವೆ. ಆಗ ಬರುವುದು ಲಬ್, ಅಂದರೆ ಮೊದಲ ಸಪ್ಪಳ, ಎಸ್1. ಹಿಂಡಿ ಮುಗಿದ ಮೇಲೆ ಅಯೋರ್ಟಿಕ್, ಪಲ್ಮನರಿ ಮುಚ್ಚಿಕೊಳ್ಳುತ್ತವೆ. ಅದು ಡಬ್, ಎಸ್2.

ಲಬ್‌ನಿಂದ ಡಬ್ ತನಕ ಇರುವ ಹೊತ್ತು ಸಿಸ್ಟೋಲ್, ಹೃದಯ ಹಿಂಡುವ ಕಾಲ. ಡಬ್‌ನಿಂದ ಮುಂದಿನ ಲಬ್ ತನಕ ಡಯಾಸ್ಟೋಲ್, ಹೃದಯ ತುಂಬಿಕೊಳ್ಳುವ ಕಾಲ. ನಿಮಿಷಕ್ಕೆ 72ರ ಲೆಕ್ಕದಲ್ಲಿ ಬಡಿಯುವ ಹೃದಯದಲ್ಲಿ ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡು. ಅದರಲ್ಲಿ ಸಿಸ್ಟೋಲ್ ಸುಮಾರು 0.3, ಡಯಾಸ್ಟೋಲ್ 0.5. ಅಂದರೆ ಲಬ್-ಡಬ್ ನಡುವಿನ ಸಂದು ಸಣ್ಣದು, ಡಬ್ ಆದ ಮೇಲಿನ ಸಂದು ದೊಡ್ಡದು. ಬಡಿತದ ವೇಗ ಏರಿದಾಗ ಜಾಸ್ತಿ ಕಡಿಮೆಯಾಗುವುದು ಡಯಾಸ್ಟೋಲ್. ಆಗ ಎರಡೂ ಸಂದು ಒಂದೇ ಥರ ಕೇಳುತ್ತವೆ. ಇದನ್ನು ನೆನಪಿಡಿ, ಮುಂದೆ ಎರಡು ಕಡೆ ಬೇಕಾಗುತ್ತದೆ.

ಮೊದಲ ಹೆಜ್ಜೆ: ಫ್ಯಾನ್ ಆಫ್ ಮಾಡಿ

ಓಪಿಡಿಯ ಗದ್ದಲದಲ್ಲಿ ಹೃದಯದ ಸಣ್ಣ ಸಪ್ಪಳ ಯಾರಿಗೂ ಕೇಳುವುದಿಲ್ಲ. ಕೋಣೆ ಬಾಗಿಲು ಮುಚ್ಚಿ, ಫ್ಯಾನ್ ಆಫ್ ಮಾಡಿ, ಜೊತೆ ಬಂದವರಿಗೆ 'ಒಂದು ನಿಮಿಷ ಸುಮ್ನಿರ್ರೀ' ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಡಾಕ್ಟರು ಗಮನ ಕೊಟ್ಟು ಕೇಳುತ್ತಿದ್ದಾರೆ ಅಂತ ಅವರಿಗೂ ಸಮಾಧಾನ.

ಸ್ಟೆತ್‌ನ ಕಿವಿ ತುದಿಗಳು ಮುಂದಕ್ಕೆ, ನಿಮ್ಮ ಮೂಗಿನ ಕಡೆ ಓರೆಯಾಗಿರಬೇಕು. ತಿರುಗಿಸಿ ಹಾಕಿಕೊಂಡರೆ ಅರ್ಧ ಸಪ್ಪಳ ಅಲ್ಲೇ ಹೋಗುತ್ತದೆ. ಎದೆಗಿಡುವ ಭಾಗಕ್ಕೆ ಎರಡು ಮುಖ. ಚಪ್ಪಟೆ ಮುಖ ಡಯಾಫ್ರಮ್: ಗಟ್ಟಿಯಾಗಿ ಒತ್ತಿ ಇಡಬೇಕು, ತೀಕ್ಷ್ಣ ಸಪ್ಪಳ ಇದರಲ್ಲಿ ಚೆನ್ನಾಗಿ ಕೇಳುತ್ತದೆ. ಬಟ್ಟಲಿನಂಥ ಮುಖ ಬೆಲ್: ಚರ್ಮಕ್ಕೆ ಸುಮ್ನೆ ತಾಗಿಸಿದ ಹಾಗೆ ಇಡಬೇಕು, ಮಂದ ಸಪ್ಪಳಕ್ಕೆ ಇದೇ ಬೇಕು. ಬೆಲ್ ಅನ್ನು ಒತ್ತಿಬಿಟ್ಟರೆ ಚರ್ಮ ಬಿಗಿದುಕೊಂಡು ಅದೇ ಡಯಾಫ್ರಮ್ ಆಗಿಬಿಡುತ್ತದೆ. ಮಂದ ಸಪ್ಪಳ ಮಾಯ. ಈಗ ಸಿಗುವ ಕೆಲವು ಸ್ಟೆತ್‌ಗಳಲ್ಲಿ ಒಂದೇ ಮುಖ ಇರುತ್ತದೆ, ಹಗುರ ಇಟ್ಟರೆ ಬೆಲ್, ಒತ್ತಿದರೆ ಡಯಾಫ್ರಮ್.

ಬಟ್ಟೆ ಮೇಲಿಂದ ಕೇಳಬೇಡಿ. ಬಟ್ಟೆ ಉಜ್ಜಿದ ಸಪ್ಪಳವೇ ಮರ್ಮರ್ ಥರ ಕೇಳುತ್ತದೆ. ಹೆಣ್ಣುಮಕ್ಕಳನ್ನು ನೋಡುವಾಗ ಜೊತೆಗೆ ನರ್ಸ್ ಅಥವಾ ಮನೆಯ ಹೆಂಗಸೊಬ್ಬರು ಇರಲಿ. ಏನು ಮಾಡುತ್ತೀರಿ ಅಂತ ಮೊದಲೇ ಹೇಳಿ, ಸೆರಗಿನ ಮರೆಯಲ್ಲೇ ಸ್ಟೆತ್ ಸರಿಸಿಕೊಂಡು ಹೋಗಬಹುದು. ತಾಳಿ, ಸರ, ತಾಯಿತ ಪಕ್ಕಕ್ಕೆ ಸರಿಸಲು ಹೇಳಿ. ನಮ್ಮ ಕಡೆ ಇನ್ನೊಂದು ವಿಷಯ ಇದೆ. ಎಷ್ಟೋ ಹಿರಿಯರ ಎದೆ ಮೇಲೆ ಶಿವದಾರದಲ್ಲಿ ಕರಡಿಗೆ ಇರುತ್ತದೆ, ಒಳಗೆ ಇಷ್ಟಲಿಂಗ. ಬೆಳ್ಳಿ ಕರಡಿಗೆ ಸ್ಟೆತ್‌ಗೆ ತಾಗಿದರೆ ಟಣ್ ಅಂತ ಕಿವಿಗೆ ಬಡಿಯುತ್ತದೆ. ನೀವಾಗಿ ಅದನ್ನು ಮುಟ್ಟಬೇಡಿ, ತೆಗೆಯಿರಿ ಅಂತಲೂ ಹೇಳಬೇಡಿ. 'ಅಜ್ಜಾರ, ಲಿಂಗದ ಕರಡಗಿ ಒಂಚೂರು ಹೆಗಲ ಕಡೆ ಸರಿಸಿಕೊಳ್ರಿ' ಅಂದರೆ ಅವರೇ ಕೈಯಲ್ಲಿ ಹಿಡಿದುಕೊಂಡು ಕೂರುತ್ತಾರೆ.

ಸ್ಟೆತ್ ತಣ್ಣಗಿದ್ದರೆ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ. ಚಿಕ್ಕ ಮಕ್ಕಳಲ್ಲಿ ಇದು ತುಂಬಾ ಮುಖ್ಯ. ಒಮ್ಮೆ ಅಳಲು ಶುರು ಮಾಡಿದರೆ ಆ ದಿನದ ಕೇಳುವಿಕೆ ಮುಗಿದ ಹಾಗೆ.

ಎರಡನೇ ಹೆಜ್ಜೆ: ಜಾಗಗಳು

ಕುತ್ತಿಗೆ ಕೆಳಗಿನ ಗುಂಡಿಯಿಂದ ಬೆರಳು ಕೆಳಗೆ ಎಳೆಯುತ್ತಾ ಬನ್ನಿ. ಎದೆಯ ನಡು ಮೂಳೆಯ ಮೇಲೆ ಒಂದು ಅಡ್ಡ ಉಬ್ಬು ಸಿಗುತ್ತದೆ. ಅದರ ಪಕ್ಕಕ್ಕೆ ಹೋದರೆ ಸಿಗುವುದು ಎರಡನೇ ಪಕ್ಕೆಲುಬು, ಅದರ ಕೆಳಗಿನ ತಗ್ಗು ಎರಡನೇ ಸಂದು. ಅಲ್ಲಿಂದ ಎಣಿಸುತ್ತಾ ಇಳಿಯಿರಿ.

ಬಲಕ್ಕೆ ಎರಡನೇ ಸಂದು ಅಯೋರ್ಟಿಕ್ ಜಾಗ. ಎಡಕ್ಕೆ ಎರಡನೇ ಸಂದು ಪಲ್ಮನರಿ. ಎಡಕ್ಕೆ ಮೂಳೆ ಪಕ್ಕದಲ್ಲೇ ಮೂರನೇ ಸಂದನ್ನು ಎರ್ಬ್ಸ್ ಪಾಯಿಂಟ್ ಅನ್ನುತ್ತಾರೆ. ಇನ್ನೂ ಕೆಳಗೆ, ನಾಲ್ಕು-ಐದನೇ ಸಂದಿನಲ್ಲಿ ಮೂಳೆಯ ಎಡ ಅಂಚು ಟ್ರೈಕಸ್ಪಿಡ್. ಎಡಕ್ಕೆ ಐದನೇ ಸಂದು, ಕಾಲರ್ ಮೂಳೆಯ ನಡುವಿನಿಂದ ನೇರ ಕೆಳಗೆ ಬಂದ ಗೆರೆಯಲ್ಲಿ ಮೈಟ್ರಲ್, ಇದನ್ನು ಹೃದಯದ ತುದಿ ಅಥವಾ ಏಪೆಕ್ಸ್ ಅನ್ನುತ್ತೇವೆ. ಈ ಜಾಗಗಳು ವಾಲ್ವ್ ಇರುವ ಜಾಗಗಳಲ್ಲ, ಆ ವಾಲ್ವ್‌ನ ಸಪ್ಪಳ ಚೆನ್ನಾಗಿ ತಲುಪುವ ಜಾಗಗಳು.

ಏಪೆಕ್ಸ್ ಅನ್ನು ಲೆಕ್ಕದಿಂದ ಹುಡುಕಬೇಡಿ, ಅಂಗೈ ಇಟ್ಟು ಹುಡುಕಿ. ಎಲ್ಲಿ ಬಡಿತ ಬೆರಳಿಗೆ ತಾಗುತ್ತದೋ ಅದೇ ಏಪೆಕ್ಸ್. ಹೃದಯ ದೊಡ್ಡದಾಗಿದ್ದರೆ ಅದು ಕಂಕುಳ ಕಡೆ ಸರಿದಿರುತ್ತದೆ. ಎಡಕ್ಕೆ ಎಲ್ಲೂ ಸಿಗದಿದ್ದರೆ ಬಲಗಡೆಯೂ ಒಮ್ಮೆ ಕೈ ಇಡಿ, ಹೃದಯ ಬಲಕ್ಕೆ ಇರುವ ಜನ ಅಪರೂಪಕ್ಕೆ ಸಿಗುತ್ತಾರೆ. ಕೈಗೆ ಕಂಪನ ತಾಗುತ್ತದೆಯೇ ಅಂತಲೂ ಆಗಲೇ ನೋಡಿಕೊಳ್ಳಿ. ಅದಕ್ಕೆ ಥ್ರಿಲ್ ಅನ್ನುತ್ತಾರೆ.

ಮೂರನೇ ಹೆಜ್ಜೆ: ಲಬ್ ಹಿಡಿಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನೇ ಓದಿ.

ಸ್ಟೆತ್ ಏಪೆಕ್ಸ್ ಮೇಲಿಡಿ. ಇನ್ನೊಂದು ಕೈಯ ಎರಡು ಬೆರಳು ರೋಗಿಯ ಕುತ್ತಿಗೆಯ ಕ್ಯಾರೋಟಿಡ್ ನಾಡಿ ಮೇಲಿಡಿ, ಒಂದು ಬದಿ ಮಾತ್ರ, ಹಗುರವಾಗಿ. ಕೇಳುತ್ತಾ ಮುಟ್ಟುತ್ತಾ ಇರಿ. ನಾಡಿ ಬೆರಳಿಗೆ ಬಡಿಯುವ ಹೊತ್ತಿಗೆ, ಅದಕ್ಕಿಂತ ಒಂದು ಕೂದಲೆಳೆ ಮುಂಚೆ, ಯಾವ ಸಪ್ಪಳ ಬಂತೋ ಅದೇ ಲಬ್. ನಾಡಿ ಬಡಿದ ಮೇಲೆ ಬಂದದ್ದು ಡಬ್. ಮಣಿಕಟ್ಟಿನ ನಾಡಿ ಇದಕ್ಕೆ ಬೇಡ. ಅಲ್ಲಿಗೆ ಬಡಿತ ತಡವಾಗಿ ತಲುಪುತ್ತದೆ, ಲೆಕ್ಕ ತಪ್ಪುತ್ತದೆ.

ಧಾರವಾಡದ ಸಂಗೀತ ಬೈಠಕ್‌ಗಳಲ್ಲಿ ಕೂತು ಅಭ್ಯಾಸ ಇದ್ದವರಿಗೆ ಇದು ಬೇಗ ಹಿಡಿಯುತ್ತದೆ. ತಬಲಾದ ಠೇಕಾ ಕೇಳುವಾಗ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಬೀಳುತ್ತದೆ ಅಂತ ಗೊತ್ತಾದರೆ ಸಾಕು, ನಡುವೆ ಎಷ್ಟು ಬೋಲ್ ಬಂದರೂ ದಾರಿ ತಪ್ಪುವುದಿಲ್ಲ. ಹೃದಯಕ್ಕೆ ಲಬ್ಬೇ ಸಮ್.

ಲಬ್ ಸಿಕ್ಕ ಮೇಲೆ ಸ್ಟೆತ್ ಎತ್ತಿ ಇನ್ನೊಂದು ಕಡೆ ಇಡಬೇಡಿ. ಏಪೆಕ್ಸ್‌ನಿಂದ ಮೂಳೆಯ ಎಡ ಅಂಚಿಗೆ, ಅಲ್ಲಿಂದ ಮೇಲಕ್ಕೆ, ಒಂದೊಂದು ಬೆರಳಷ್ಟೇ ಸರಿಸುತ್ತಾ ಹೋಗಿ. ಏಪೆಕ್ಸ್‌ನಲ್ಲಿ ಲಬ್ ಜೋರು. ಮೇಲೆ ಎರಡನೇ ಸಂದಿಗೆ ಬಂದಾಗ ಡಬ್ ಜೋರು. ನಡುವೆ ಎಲ್ಲೋ ಎರಡೂ ಸಮ ಆಗುತ್ತವೆ. ಹೀಗೆ ಸರಿಸುತ್ತಾ ಹೋದರೆ ಯಾವುದು ಯಾವುದು ಅನ್ನುವುದು ಕೈ ತಪ್ಪುವುದಿಲ್ಲ. ಬಡಿತ ನಿಮಿಷಕ್ಕೆ 120 ದಾಟಿದ್ದರೆ ಸಪ್ಪಳಗಳ ನಡುವಿನ ಸಂದು ನೋಡಿ ಹೇಳಲು ಆಗುವುದಿಲ್ಲ, ಕುತ್ತಿಗೆ ನಾಡಿಯೊಂದೇ ಗತಿ.

ಲಯವನ್ನೂ ಗಮನಿಸಿ. ಬಡಿತ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬರುತ್ತಿದ್ದರೆ, ಲಬ್ ಒಮ್ಮೆ ಜೋರು ಒಮ್ಮೆ ಮೆಲ್ಲಗೆ ಕೇಳುತ್ತಿದ್ದರೆ, ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ಅದುರುವುದು, ಇರಬಹುದು. ಇಸಿಜಿ ಮಾಡಿಸಿ.

ನಾಲ್ಕನೇ ಹೆಜ್ಜೆ: ಲಬ್ ಹೇಗಿದೆ, ಡಬ್ ಹೇಗಿದೆ

ಲಬ್ ಮಾಮೂಲಿಗಿಂತ ಜೋರಾಗಿ 'ಠಪ್' ಅಂತ ಕೇಳಿದರೆ ಮೈಟ್ರಲ್ ಸ್ಟೆನೋಸಿಸ್, ಅಂದರೆ ಮೈಟ್ರಲ್ ವಾಲ್ವ್ ಕಿರಿದಾಗಿರುವುದು, ನೆನಪಾಗಬೇಕು. ಜ್ವರ, ರಕ್ತ ಕಡಿಮೆ ಇರುವುದು, ಥೈರಾಯ್ಡ್ ಜಾಸ್ತಿ ಇರುವುದು, ಗರ್ಭಿಣಿಯ ಹೃದಯ, ಇವುಗಳಲ್ಲೂ ಜೋರಾಗುತ್ತದೆ. ಮೆತ್ತಗೆ ಕೇಳಿದರೆ ಮೈಟ್ರಲ್ ಸೋರುವಿಕೆ ಅಥವಾ ಹೃದಯದ ಸ್ನಾಯು ದುರ್ಬಲ ಆಗಿರುವುದು ಕಾರಣ ಇರಬಹುದು. ದಪ್ಪ ಎದೆ, ಬೀಡಿ ಸೇದಿ ಉಬ್ಬಿದ ಶ್ವಾಸಕೋಶ ಇದ್ದವರಲ್ಲಿ ಎಲ್ಲ ಸಪ್ಪಳವೂ ಮೆತ್ತಗೇ ಕೇಳುತ್ತದೆ.

ಡಬ್‌ನಲ್ಲಿ ಎರಡು ತುಂಡು ಇವೆ: ಮೊದಲು ಅಯೋರ್ಟಿಕ್ ಮುಚ್ಚುತ್ತದೆ, ಆಮೇಲೆ ಪಲ್ಮನರಿ. ಪಲ್ಮನರಿ ಜಾಗದಲ್ಲಿ ಡಯಾಫ್ರಮ್ ಇಟ್ಟು, 'ಉಸರು ಒಳಗ ಎಳಕೋರಿ… ಈಗ ಬಿಡ್ರಿ' ಅಂತ ನಿಧಾನಕ್ಕೆ ಹೇಳಿ. ಉಸಿರು ಒಳಗೆಳೆದಾಗ ಬಲಗಡೆಗೆ ರಕ್ತ ಜಾಸ್ತಿ ಬರುತ್ತದೆ, ಪಲ್ಮನರಿ ಮುಚ್ಚುವುದು ತಡವಾಗುತ್ತದೆ, ಡಬ್ 'ಡ್ರಬ್' ಅಂತ ಬಿರಿಯುತ್ತದೆ. ಬಿಟ್ಟಾಗ ಮತ್ತೆ ಒಂದಾಗುತ್ತದೆ. ಇದು ಸಹಜ. ಮಕ್ಕಳಲ್ಲಿ, ಹರೆಯದವರಲ್ಲಿ ಸೊಗಸಾಗಿ ಕೇಳುತ್ತದೆ.

ಉಸಿರು ಎಳೆದರೂ ಬಿಟ್ಟರೂ ಡಬ್ ಅಷ್ಟೇ ಅಗಲ ಬಿರಿದೇ ಇದ್ದರೆ ಎಎಸ್‌ಡಿ, ಅಂದರೆ ಮೇಲಿನ ಕೋಣೆಗಳ ನಡುವಿನ ತೂತು ಅಂತ ಅನುಮಾನ ಪಡಿ. ಇದರಲ್ಲಿ ಮರ್ಮರ್ ಮೆತ್ತಗಿರುತ್ತದೆ, ಎಷ್ಟೋ ಜನ ಮೂವತ್ತು ದಾಟುವ ತನಕ ಗೊತ್ತೇ ಇಲ್ಲದೆ ಹೊಲದ ಕೆಲಸ ಮಾಡಿಕೊಂಡಿರುತ್ತಾರೆ. ಬಿರಿದ ಡಬ್ ಒಂದೇ ಸುಳಿವು. ಉಲ್ಟಾ ಬಿರಿತವೂ ಇದೆ: ಉಸಿರು ಬಿಟ್ಟಾಗ ಬಿರಿದು, ಎಳೆದಾಗ ಕೂಡಿಕೊಳ್ಳುವುದು. ಎಡ ಬಂಡಲ್ ಬ್ಲಾಕ್ (ಹೃದಯದ ಎಡಗಡೆಗೆ ವಿದ್ಯುತ್ ಸಂದೇಶ ಹೋಗುವ ದಾರಿ ಕಟ್ಟಿರುವುದು), ತೀವ್ರ ಅಯೋರ್ಟಿಕ್ ಸ್ಟೆನೋಸಿಸ್‌ನಲ್ಲಿ (ಅಯೋರ್ಟಿಕ್ ವಾಲ್ವ್ ಕಿರಿದಾಗಿರುವುದು) ಹೀಗಾಗುತ್ತದೆ. ಪಲ್ಮನರಿ ಜಾಗದಲ್ಲಿ ಡಬ್‌ನ ಎರಡನೇ ತುಂಡು ಗಟ್ಟಿಯಾಗಿ ಬಡಿದರೆ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿದೆ ಅಂತ ಅರ್ಥ. ಇದನ್ನು ಹಗುರ ತಗೊಳ್ಳಬೇಡಿ.

ಐದನೇ ಹೆಜ್ಜೆ: ಮೂರನೆಯದು, ನಾಲ್ಕನೆಯದು

ಇವೆರಡೂ ಮಂದ ಸಪ್ಪಳ. ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ಏಪೆಕ್ಸ್ ಮೇಲೆ ಬೆಲ್ ಹಗುರವಾಗಿ ಇಡಿ. ಬೆಲ್ ಒತ್ತಿದಾಗ ಸಪ್ಪಳ ಹೋಗಿ, ಹಗುರ ಮಾಡಿದಾಗ ಮತ್ತೆ ಬಂದರೆ ಖಾತ್ರಿ ಆಯಿತು.

ಎಸ್3 ಬರುವುದು ಡಬ್ ಆದ ಕೂಡಲೇ, ರಕ್ತ ರಭಸದಿಂದ ಕೆಳಗಿನ ಕೋಣೆ ತುಂಬುವಾಗ. ಎಸ್4 ಬರುವುದು ಲಬ್‌ಗೆ ಸ್ವಲ್ಪ ಮುಂಚೆ, ಬಿಗಿಯಾದ ಕೆಳಗಿನ ಕೋಣೆಯೊಳಗೆ ಮೇಲಿನ ಕೋಣೆ ರಕ್ತ ನೂಕುವಾಗ. ಲಯ ನೆನಪಿಡಲು ನಾನು ವಿದ್ಯಾರ್ಥಿಗಳಿಗೆ ನಮ್ಮೂರ ಹೆಸರುಗಳನ್ನೇ ಹೇಳಿಕೊಡುತ್ತೇನೆ. ಎಸ್3 ಇದ್ದರೆ ಹೃದಯ 'ಹುಬ್… ಬಳ್-ಳಿ, ಹುಬ್… ಬಳ್-ಳಿ' ಅನ್ನುತ್ತದೆ: ಹುಬ್ ಲಬ್, ಬಳ್ ಡಬ್, ಅದರ ಬೆನ್ನಿಗೇ ಬಂದ ಳಿ ಎಸ್3. ಎಸ್4 ಇದ್ದರೆ 'ಶಿಗ್-ಗಾ… ವಿ': ಶಿಗ್ ಎಸ್4, ಗಾ ಲಬ್, ವಿ ಡಬ್. ಜೋರಾಗಿ ನಾಲ್ಕು ಸಲ ಹೇಳಿ ನೋಡಿ, ಕಿವಿಗೆ ಕೂರುತ್ತದೆ.

ಮಕ್ಕಳಲ್ಲಿ, ಹರೆಯದವರಲ್ಲಿ, ಗರ್ಭಿಣಿಯರಲ್ಲಿ ಎಸ್3 ಸಹಜವಾಗಿಯೂ ಇರಬಹುದು. ನಲವತ್ತು ದಾಟಿದವರಲ್ಲಿ, ಅದರಲ್ಲೂ ಕಾಲು ಬಾವು, ಮಲಗಿದರೆ ದಮ್ಮು ಇದ್ದರೆ, ಎಸ್3 ಅಂದರೆ ಹೃದಯ ಸೋಲುತ್ತಿದೆ ಅಂತಲೇ ತಿಳಿಯಿರಿ. ಎಸ್4 ಸಾಮಾನ್ಯವಾಗಿ ವರ್ಷಗಟ್ಟಲೆ ಬಿಪಿ ಇದ್ದು ದಪ್ಪಗಾದ ಹೃದಯದ ಗುರುತು. ಏಟ್ರಿಯಲ್ ಫಿಬ್ರಿಲೇಶನ್ ಇದ್ದರೆ ಮೇಲಿನ ಕೋಣೆ ಸರಿಯಾಗಿ ಹಿಂಡುವುದೇ ಇಲ್ಲ, ಹಾಗಾಗಿ ಎಸ್4 ಇರಲು ಸಾಧ್ಯವೇ ಇಲ್ಲ.

ಆರನೇ ಹೆಜ್ಜೆ: ಈಗ ಮರ್ಮರ್

ಮರ್ಮರ್ ಅಂದರೆ ರಕ್ತ ಸುಳಿದು ಹರಿಯುವ ಸಪ್ಪಳ. ಕಿರಿದಾದ ವಾಲ್ವ್, ಸೋರುವ ವಾಲ್ವ್, ಗೋಡೆಯ ತೂತು, ಅಥವಾ ಬರೀ ರಭಸದ ಹರಿವು, ಯಾವುದರಿಂದಲೂ ಬರಬಹುದು. ಕೇಳಿದ ಕೂಡಲೇ ರೋಗದ ಹೆಸರು ಹೇಳಬೇಡಿ. ಯಾವಾಗ ಬರುತ್ತದೆ, ಎಲ್ಲಿ ಜೋರು, ಎಲ್ಲಿಗೆ ಹರಡುತ್ತದೆ, ಉಸಿರು ಮತ್ತು ಭಂಗಿ ಬದಲಾದರೆ ಏನಾಗುತ್ತದೆ, ಇಷ್ಟು ಕೇಳಿಕೊಳ್ಳಿ. 'ಯಾವಾಗ' ಅನ್ನುವುದೇ ಮೊದಲ ಪ್ರಶ್ನೆ, ಅದಕ್ಕೇ ಲಬ್ ಹಿಡಿಯಿರಿ ಅಂತ ಅಷ್ಟು ಹೇಳಿದ್ದು.

ಜೋರು ಎಷ್ಟು ಅನ್ನಲು ಫ್ರೀಮನ್ ಮತ್ತು ಲೆವೀನ್ 1933ರಲ್ಲಿ ಕೊಟ್ಟ ಆರು ಗ್ರೇಡ್‌ಗಳು ಈಗಲೂ ಬಳಕೆಯಲ್ಲಿವೆ. 1 ಅಂದರೆ ತುಂಬ ಗಮನ ಕೊಟ್ಟರೆ ಮಾತ್ರ ಕೇಳುವುದು. 2 ಮೆತ್ತಗೆ, ಆದರೆ ಇಟ್ಟ ಕೂಡಲೇ ಕೇಳುತ್ತದೆ. 3 ಜೋರು. 4ರಿಂದ ಕೈಗೆ ಥ್ರಿಲ್ ತಾಗುತ್ತದೆ. 5ರಲ್ಲಿ ಸ್ಟೆತ್‌ನ ಅಂಚು ತಾಗಿದರೂ ಸಾಕು, 6ರಲ್ಲಿ ಎದೆಯಿಂದ ಸ್ವಲ್ಪ ದೂರ ಹಿಡಿದರೂ ಕೇಳುತ್ತದೆ. ಆದರೆ ಒಂದು ಮಾತು: ಸಪ್ಪಳ ಜೋರು ಅಂದರೆ ರೋಗ ಜೋರು ಅಂತ ಅಲ್ಲ. ಕೆಳಗಿನ ಕೋಣೆಗಳ ನಡುವಿನ ಸಣ್ಣ ತೂತು ಎದೆ ತುಂಬ ಸಪ್ಪಳ ಮಾಡುತ್ತದೆ, ದೊಡ್ಡ ತೂತು ಸುಮ್ನಿರಬಹುದು. ಅಯೋರ್ಟಿಕ್ ವಾಲ್ವ್ ಪೂರ್ತಿ ಬಿಗಿದು ಹೃದಯ ಸೋತ ಮೇಲೆ ಮರ್ಮರ್ ಮೆತ್ತಗಾಗುತ್ತದೆ. ಅದು ಗುಣವಾದ ಲಕ್ಷಣ ಅಲ್ಲ.

ಲಬ್-ಡಬ್ ನಡುವೆ ಬರುವವು ಸಿಸ್ಟೋಲಿಕ್. ಬಲ ಎರಡನೇ ಸಂದಿನಲ್ಲಿ ಒರಟಾಗಿ ಏರಿ ಇಳಿದು, ಕುತ್ತಿಗೆಗೆ ಹರಡಿದರೆ ಅಯೋರ್ಟಿಕ್ ಸ್ಟೆನೋಸಿಸ್. ವಯಸ್ಸಾದವರು ನಡೆಯುವಾಗ ಎದೆ ಹಿಡಿಯುತ್ತದೆ, ಕಣ್ಣು ಕತ್ತಲೆ ಬಂದು ಬೀಳುತ್ತೇನೆ ಅಂದರೆ ಇದನ್ನು ಹುಡುಕಲೇಬೇಕು. ಏಪೆಕ್ಸ್‌ನಲ್ಲಿ ಲಬ್‌ನಿಂದ ಡಬ್ ತನಕ ಒಂದೇ ಸಮನೆ ಊದಿದ ಹಾಗೆ ಕೇಳಿ, ಎಡ ಕಂಕುಳಿಗೆ ಹರಡಿದರೆ ಮೈಟ್ರಲ್ ಸೋರುವಿಕೆ. ಅದೇ ಥರ ಮೂಳೆಯ ಎಡ ಅಂಚಿನ ಕೆಳಗೆ ಜೋರಾಗಿದ್ದರೆ ವಿಎಸ್‌ಡಿ (ಕೆಳಗಿನ ಕೋಣೆಗಳ ನಡುವಿನ ತೂತು) ಅಥವಾ ಟ್ರೈಕಸ್ಪಿಡ್ ಸೋರುವಿಕೆ. ಉಸಿರು ಎಳೆದಾಗ ಜೋರಾದರೆ ಟ್ರೈಕಸ್ಪಿಡ್ ಕಡೆ ವಾಲಿ. ಸಾಮಾನ್ಯವಾಗಿ ಎದ್ದು ನಿಂತರೆ ಮರ್ಮರ್ ಮೆತ್ತಗಾಗುತ್ತದೆ. ನಿಂತಾಗ ಜೋರಾದರೆ ಹೃದಯದ ಗೋಡೆ ದಪ್ಪಗಾಗಿ ರಕ್ತದ ದಾರಿಗೆ ಅಡ್ಡ ಬರುವ ಎಚ್‌ಒಸಿಎಂ ಇರಬಹುದು. ಆಡುವಾಗ ಎಚ್ಚರ ತಪ್ಪಿ ಬಿದ್ದ ಹುಡುಗನನ್ನು ಕೂರಿಸಿ, ನಿಲ್ಲಿಸಿ, ಎರಡೂ ರೀತಿ ಕೇಳದೆ ಮನೆಗೆ ಕಳಿಸಬೇಡಿ. ಸಿಸ್ಟೋಲ್, ಡಯಾಸ್ಟೋಲ್ ಎರಡರಲ್ಲೂ ಬಿಡದೆ ಎಡ ಕಾಲರ್ ಮೂಳೆಯ ಕೆಳಗೆ ಗರಗರ ಅನ್ನುತ್ತಿದ್ದರೆ ಪಿಡಿಎ, ಅಂದರೆ ಹುಟ್ಟಿದ ಮೇಲೆ ಮುಚ್ಚಬೇಕಾಗಿದ್ದ ರಕ್ತನಾಳ ತೆರೆದೇ ಉಳಿದಿರುವುದು.

ಡಬ್ ಆದ ಮೇಲೆ ಬರುವವು ಡಯಾಸ್ಟೋಲಿಕ್. ಇವು ಯಾವತ್ತೂ ಸಹಜ ಅಲ್ಲ. ಗ್ರೇಡ್ 1 ಇದ್ದರೂ ಎಕೋಗೆ ಕಳಿಸಿ. ಅಯೋರ್ಟಿಕ್ ಸೋರುವಿಕೆಯದು ಡಬ್‌ನ ಬೆನ್ನಿಗೇ ಉಸಿರು ಬಿಟ್ಟ ಹಾಗೆ 'ಹಾ…' ಅಂತ ತೆಳ್ಳಗೆ ಕೇಳುತ್ತದೆ. 'ಮುಂದಕ್ಕ ಬಾಗಿ ಕೂಡ್ರಿ, ಪೂರಾ ಉಸರು ಬಿಟ್ಟು ಹಂಗ ಹಿಡೀರಿ' ಅಂತ ಹೇಳಿ, ಎಡಕ್ಕೆ ಮೂರನೇ ಸಂದಿನಲ್ಲಿ ಡಯಾಫ್ರಮ್ ಗಟ್ಟಿ ಒತ್ತಿ. ಮಲಗಿಸಿ ಕೇಳಿದರೆ ತಪ್ಪಿಹೋಗುತ್ತದೆ.

ಇನ್ನೊಂದು ಮೈಟ್ರಲ್ ಸ್ಟೆನೋಸಿಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಮ್ಮಲ್ಲಿ ಇದು ಹರೆಯದ ಹೆಣ್ಣುಮಕ್ಕಳನ್ನು ತಿನ್ನುವ ರೋಗ. ಚಿಕ್ಕಂದಿನಲ್ಲಿ ಸ್ಟ್ರೆಪ್ಟೋಕಾಕಸ್‌ನಿಂದ ಗಂಟಲು ನೋವು ಬರುತ್ತದೆ, ಕೆಲವರಿಗೆ ಎರಡು-ಮೂರು ವಾರದ ಮೇಲೆ ಜ್ವರ, ಕೀಲು ಬಾವು ಬರುತ್ತದೆ. ಅದೇ ರುಮ್ಯಾಟಿಕ್ ಜ್ವರ. ಕೀಲು ವಾಸಿಯಾಗುತ್ತದೆ, ವಾಲ್ವ್ ಮಾತ್ರ ವರ್ಷದಿಂದ ವರ್ಷಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಸಹಜವಾಗಿ 4ರಿಂದ 6 ಚದರ ಸೆಂಟಿಮೀಟರ್ ಇರುವ ಮೈಟ್ರಲ್ ದಾರಿ 1.5ಕ್ಕೆ ಇಳಿದರೆ ತೀವ್ರ. ಹುಡುಗಿ ಮೆಣಸಿನಕಾಯಿ ಬಿಡಿಸಲು ಹೋಗುತ್ತಿರುತ್ತಾಳೆ, ಏನೂ ತೊಂದರೆ ಇಲ್ಲ ಅನ್ನುತ್ತಾಳೆ. ಮದುವೆಯಾಗಿ ಗರ್ಭಿಣಿ ಆದ ಮೇಲೆ ದೇಹದ ರಕ್ತದ ಪ್ರಮಾಣ ಸುಮಾರು 40ರಿಂದ 50 ಶೇಕಡಾ ಏರುತ್ತದೆ, ಬಡಿತವೂ ಏರುತ್ತದೆ, ಡಯಾಸ್ಟೋಲ್ ಕಿರಿದಾಗುತ್ತದೆ. ಇಕ್ಕಟ್ಟಿನ ವಾಲ್ವ್ ದಾಟಲು ರಕ್ತಕ್ಕೆ ಹೊತ್ತು ಸಾಲುವುದಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. 'ರಾತ್ರಿ ಮಕ್ಕೊಂಡ್ರ ದಮ್ಮು ಬರತೈತ್ರಿ' ಅಂದಾಗ ಮನೆಯವರು 'ಬಸುರಿ ಅಂದ್ರ ಹಂಗ' ಅನ್ನುತ್ತಾರೆ. ನಾವೂ 'ರಕ್ತ ಕಡಿಮೆ ಇದೆ' ಅಂತ ಐರನ್ ಮಾತ್ರೆ ಕೊಟ್ಟು ಕಳಿಸಿದರೆ ಆ ತಾಯಿ ಸಾಯಬಹುದು.

ಕೇಳುವುದು ಹೀಗೆ. 'ಎಡ ಮಗ್ಗಲಕ್ಕ ಹೊಳ್ಳ್ರಿ' ಅಂತ ಹೇಳಿ ಹೊರಳಿಸಿ. ಬೆರಳಿನಿಂದ ಏಪೆಕ್ಸ್ ಹುಡುಕಿ, ಬೆರಳು ತೆಗೆದು ಸರಿಯಾಗಿ ಅಲ್ಲೇ ಬೆಲ್ ಇಡಿ, ಹಗುರವಾಗಿ. ಉಸಿರು ಬಿಟ್ಟು ಹಿಡಿಯಲು ಹೇಳಿ, ಕಣ್ಣು ಮುಚ್ಚಿ. ಮೊದಲು ಕೇಳುವುದು ಗಟ್ಟಿ ಲಬ್: ಠಪ್. ಆಮೇಲೆ ಡಬ್. ಅದರ ಹಿಂದೆ ಒಂದು ಸಣ್ಣ ಟಿಕ್, ಅಂಟಿದ ವಾಲ್ವ್ ಜಗ್ಗಿ ತೆರೆದುಕೊಳ್ಳುವ ಸಪ್ಪಳ, ಓಪನಿಂಗ್ ಸ್ನ್ಯಾಪ್. ಆಮೇಲೆ ತುಂಬಾ ಮಂದವಾಗಿ ಗುರ್ರ್ ಅಂತ ಒಂದು ಉರುಳು, ಮುಂದಿನ ಲಬ್ ಹತ್ತಿರ ಸ್ವಲ್ಪ ಏರುತ್ತದೆ. ಠಪ್… ಡಬ್-ಟಿಕ್ ಗುರ್ರ್ರ್, ಠಪ್. ಇದು ಅಂಗೈ ಅಗಲದ ಜಾಗದಲ್ಲೆಲ್ಲ ಕೇಳುವಂಥದ್ದಲ್ಲ, ಕೆಲವೊಮ್ಮೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಸಿಗುತ್ತದೆ. ಕೇಳದಿದ್ದರೆ ನಾಲ್ಕು ಸಲ ಕೆಮ್ಮಿಸಿ ಮತ್ತೆ ಕೇಳಿ. ಹೊಸ ಗರ್ಭಿಣಿಯ ಮೊದಲ ತಪಾಸಣೆಯಲ್ಲಿ ಬಿಪಿ, ತೂಕ ನೋಡಿದ ಹಾಗೆ ಈ ಎರಡು ನಿಮಿಷವನ್ನೂ ಕೊಡಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ಮೊದಲೇ ಸಿಕ್ಕರೆ ದಾರಿಗಳಿವೆ. ವಾಲ್ವ್ ಅಗಲ ಮಾಡುವ ಬಲೂನ್ ಚಿಕಿತ್ಸೆ ಇದೆ. ಗಂಟಲ ಸೋಂಕು ಮತ್ತೆ ಬರದಂತೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಇದೆ, ದೊಡ್ಡವರಿಗೆ 12 ಲಕ್ಷ ಯೂನಿಟ್. ಇದನ್ನು ವರ್ಷಗಟ್ಟಲೆ ತಗೊಳ್ಳಬೇಕು, ಜಾತ್ರೆ ಇರಲಿ ಸುಗ್ಗಿ ಇರಲಿ, ತಪ್ಪಿಸಬಾರದು.

ಮಕ್ಕಳ ನಿರಪಾಯ ಮರ್ಮರ್

2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತವೆ. ಅಲ್ಲಿ ಎಷ್ಟೋ ಮಕ್ಕಳಲ್ಲಿ ಮರ್ಮರ್ ಕೇಳುತ್ತದೆ, ಅವರಲ್ಲಿ ಬಹಳ ಜನರ ಹೃದಯ ಪೂರ್ತಿ ಸರಿಯಾಗಿರುತ್ತದೆ. ನಿರಪಾಯದ್ದು ಸಿಸ್ಟೋಲ್‌ನಲ್ಲಿ ಬರುತ್ತದೆ, ಮೆತ್ತಗೆ, ಸ್ವಲ್ಪವೇ ಹೊತ್ತು. ಬೇರೆ ಕಡೆ ಹರಡುವುದಿಲ್ಲ. ಮಗು ಮಲಗಿದಾಗ ಜೋರು, ಕೂತಾಗ ಕಡಿಮೆ. ಡಬ್ ಸಹಜವಾಗಿ ಬಿರಿದು ಕೂಡುತ್ತದೆ. ಮಗು ಓಡಿ ಆಡಿ ಚೆನ್ನಾಗಿದೆ, ತೂಕ ಏರುತ್ತಿದೆ. ಜ್ವರ ಬಂದಾಗ ಜೋರಾಗಿ, ಜ್ವರ ಇಳಿದ ಮೇಲೆ ಕಾಣೆಯಾಗುವುದೂ ಉಂಟು. ಕುತ್ತಿಗೆ ಬುಡದಲ್ಲಿ ಗುಂಯ್ ಅನ್ನುವ ವೀನಸ್ ಹಮ್ ಕೂಡ ನಿರಪಾಯ. ಮಗುವನ್ನು ಮಲಗಿಸಿದರೆ ಅಥವಾ ಕುತ್ತಿಗೆ ರಕ್ತನಾಳ ಹಗುರ ಒತ್ತಿದರೆ ಅದು ನಿಂತುಬಿಡುತ್ತದೆ.

ಹಾಲು ಕುಡಿಯುವಾಗ ಬೆವರುವ, ನಡುನಡುವೆ ನಿಲ್ಲಿಸಿ ಏದುಸಿರು ಬಿಡುವ, ತೂಕ ಏರದ, ತುಟಿ ನೀಲಿಯಾಗುವ ಕೂಸು ಮಾತ್ರ ಬೇರೆ. ಅಲ್ಲಿ ಮರ್ಮರ್ ಕೇಳಿದರೂ ಕೇಳದಿದ್ದರೂ ಕಳಿಸಿ.

ಉಳಿದ ಮೂರು ಸಪ್ಪಳ

ಹೊಸ ಚರ್ಮ ಉಜ್ಜಿದ ಹಾಗೆ ಕರಕರ ಕೇಳಿ, ಮುಂದಕ್ಕೆ ಬಾಗಿದಾಗ ಜೋರಾದರೆ ಹೃದಯದ ಹೊದಿಕೆಯ ಉರಿಯೂತ, ಪೆರಿಕಾರ್ಡೈಟಿಸ್. ಉಸಿರು ಹಿಡಿದಾಗಲೂ ನಿಲ್ಲದಿದ್ದರೆ ಅದು ಶ್ವಾಸಕೋಶದ್ದಲ್ಲ.

ಲೋಹದ ವಾಲ್ವ್ ಹಾಕಿಸಿಕೊಂಡವರ ಎದೆಯಲ್ಲಿ ಸ್ಪಷ್ಟವಾಗಿ ಟಿಕ್ ಟಿಕ್ ಕೇಳಬೇಕು, ರಾತ್ರಿ ಅವರಿಗೇ ಕೇಳುತ್ತದೆ. ಅದು ಮಂದವಾದರೆ, ಜೊತೆಗೆ ದಮ್ಮು ಶುರುವಾಗಿದ್ದರೆ, ವಾಲ್ವ್‌ನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ದೊಡ್ಡ ಆಸ್ಪತ್ರೆಗೆ. ರಕ್ತ ತೆಳು ಮಾಡುವ ಮಾತ್ರೆ ಬಿಟ್ಟಿದ್ದಾರೆಯೇ ಅಂತ ಕೇಳಿ.

ಹಾರ್ಟ್ ಅಟ್ಯಾಕ್ ಆಗಿ ಕೆಲವು ದಿನದಲ್ಲಿ ಹೊಸದಾಗಿ ಸಿಸ್ಟೋಲಿಕ್ ಮರ್ಮರ್ ಬಂದರೂ ಅಷ್ಟೇ ತುರ್ತು.

ಕೊನೆಯ ಹೆಜ್ಜೆ: ಬರೆಯುವುದು, ಹೇಳುವುದು

ರೆಫರಲ್ ಚೀಟಿಯಲ್ಲಿ 'ಮರ್ಮರ್ ಇದೆ' ಅಂತ ಎರಡು ಪದ ಬರೆದರೆ ಆಚೆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: 'ನಾಡಿ 104, ಲಯ ತಪ್ಪಿದೆ. ಏಪೆಕ್ಸ್‌ನಲ್ಲಿ ಎಸ್1 ಜೋರು. ಪಲ್ಮನರಿ ಜಾಗದಲ್ಲಿ ಎಸ್2 ಜೋರು. ಎಡ ಮಗ್ಗುಲಲ್ಲಿ ಬೆಲ್ ಇಟ್ಟಾಗ ಡಯಾಸ್ಟೋಲಿಕ್ ಮರ್ಮರ್, ಗ್ರೇಡ್ 2. ಆರು ತಿಂಗಳ ಗರ್ಭಿಣಿ, ಮಲಗಿದರೆ ದಮ್ಮು.' ಇಷ್ಟು ಓದಿದವರು ಅವಳನ್ನು ಸಾಲಿನಲ್ಲಿ ಕಾಯಿಸುವುದಿಲ್ಲ. ಗೊತ್ತಿರುವ ಮರ್ಮರ್ ಜೊತೆ ಬಿಡದ ಜ್ವರ ಇದ್ದರೆ ವಾಲ್ವ್‌ಗೇ ಸೋಂಕು ತಗುಲಿರಬಹುದು. ಅಂಥವರಿಗೆ ರಕ್ತದ ಕಲ್ಚರ್ ತೆಗೆಯುವ ಮುಂಚೆ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟುಬಿಟ್ಟರೆ ರೋಗಾಣು ಯಾವುದು ಅಂತ ಹಿಡಿಯುವುದೇ ಕಷ್ಟ. ಈಗಾಗಲೇ ಕೊಟ್ಟಾಗಿದ್ದರೆ ಯಾವುದು, ಯಾವಾಗ ಅಂತ ಚೀಟಿಯಲ್ಲಿ ಬರೆಯಿರಿ.

ಮನೆಯವರಿಗೆ ಹೇಳುವಾಗ 'ಹೃದಯದಾಗ ತೂತು ಐತಿ' ಅನ್ನಬೇಡಿ. ಸಪ್ಪಳ ಕೇಳಿದ್ದೀರಿ, ತೂತು ನೋಡಿಲ್ಲ. ಆ ಒಂದು ಮಾತಿಗೆ ಮಗುವನ್ನು ಶಾಲೆ ಬಿಡಿಸುತ್ತಾರೆ, ಹುಡುಗಿಯ ಮದುವೆ ಮಾತು ಮುರಿಯುತ್ತದೆ. 'ಹೃದಯದ ಸಪ್ಪಳದ ಜೋಡಿ ಇನ್ನೊಂದು ಸಪ್ಪಳ ಕೇಳತೈತ್ರಿ. ಬಹಳ ಮಂದಿಗೆ ಏನೂ ಇರಂಗಿಲ್ಲ, ಆದ್ರ ಒಮ್ಮೆ ಎಕೋ ಮಾಡಿಸಿ ಖಾತ್ರಿ ಮಾಡ್ಕೊಳ್ಳೋಣ' ಅನ್ನಿ. ಡಯಾಸ್ಟೋಲಿಕ್ ಮರ್ಮರ್ ಕೇಳಿದ್ದರೆ ಅಷ್ಟು ಹಗುರವಾಗಿ ಹೇಳಬೇಡಿ. ಯಾವ ದಿನ ಹೋಗಬೇಕು, ಯಾವ ಆಸ್ಪತ್ರೆ, ಅಲ್ಲಿ ಯಾವ ನಂಬರ್ ಕೋಣೆ ಅಂತ ಬರೆದುಕೊಟ್ಟು, ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿ, ಮುಂದಿನ ವಾರ ಹೋಗಿಬಂದರೋ ಇಲ್ಲವೋ ಅಂತ ಫೋನ್ ಮಾಡಿ ಕೇಳಿ.